ಹಡಗು ಒಡೆದವನೂ ಅಕ್ಕ-ತಂಗಿಯರೂ

ಹಿಂದಿನ ಸಂಚಿಕೆಯಲ್ಲಿ ಜಾಗ ಉಳಿದಿತ್ತೆಂದು ‘ಕರಮುರು’ ಎಂಬ ಬ್ರೆಜಿಲ್ ಚಿತ್ರದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹಡಗು ಒಡೆದು ದಡ ಸೇರಿದ ಪೋರ್ಚುಗೀಸ್ ಹುಡುಗನೊಬ್ಬ ಅಕ್ಕ-ತಂಗಿಯರಿಬ್ಬರ ಕೈಗೆ ಸಿಕ್ಕ ಕತೆ, ಸ್ವಲ್ಪ ಪೋಲಿ, ತುಂಬಾ ತಮಾಷೆ ಅಂತ. ‘ಪೋಲಿ’ ಅನ್ನೋ ಮಾತು ನೋಡಿಯೇ ಇಷ್ಟೊಂದು ಪತ್ರ ಬಂದವೋ ಏನೋ. ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳಿಗೆಲ್ಲ ರಜೆ. ಇದೊಂದೇ ಸಿನಿಮಾ.

ಪ್ರಶ್ನೆ: ಚಿತ್ರದ ವಿವರ ಕೊಡಿ. ಯಾರದ್ದು, ಯಾವಾಗಿನದು, ಕತೆ ಏನು? ನಾಲ್ಕು ಸಾಲು ಬರೆದು ಆಸೆ ಹುಟ್ಟಿಸಿ ಸುಮ್ಮನಾದರೆ ಹೇಗೆ? (ಒಬ್ಬ ನಿವೃತ್ತ ಮೇಷ್ಟ್ರು, ಮಂಡ್ಯ)

ಆಸೆ ಹುಟ್ಟಿಸುವುದೇ ನನ್ನ ಕೆಲಸ ಮೇಷ್ಟ್ರೇ. ಪೂರ್ತಿ ಹೆಸರು ‘ಕರಮುರು: ಬ್ರೆಜಿಲ್‌ನ ಆವಿಷ್ಕಾರ’. 2001ರ ಚಿತ್ರ. ನಿರ್ದೇಶಕ ಗೆಲ್ ಅರಾಯಿಸ್, ಬರವಣಿಗೆಯಲ್ಲಿ ಜೊತೆಗಾರ ಜೋರ್ಜಿ ಫುರ್ತಾದೊ. ಮೊದಲು ಇದು ಟಿವಿಗಾಗಿ ಮಾಡಿದ್ದು. ಕಬ್ರಾಲ್ ಎಂಬ ಪೋರ್ಚುಗೀಸ್ ಕಪ್ತಾನ 1500ರ ಏಪ್ರಿಲ್ 22ರಂದು ಬ್ರೆಜಿಲ್ ತೀರ ಕಂಡ. ಅದಕ್ಕೆ 500 ವರ್ಷ ತುಂಬಿದ ಹಬ್ಬಕ್ಕೆಂದು 2000ದ ಏಪ್ರಿಲ್‌ನಲ್ಲಿ ಟಿವಿ ಗ್ಲೋಬೊ ಮೂರು ಕಂತು ತೋರಿಸಿತು. ಟಿವಿಯಲ್ಲಿ ಕತೆಯ ಮಧ್ಯೆ ಮಧ್ಯೆ ಇತಿಹಾಸದ ಪಾಠವೂ ಇತ್ತು. ಮರುವರ್ಷ ಪಾಠ ಕತ್ತರಿಸಿ, ಕತೆ ಉಳಿಸಿ, ಹೆಚ್ಚುಕಡಿಮೆ ಒಂದೂವರೆ ಗಂಟೆಯ ಸಿನಿಮಾ ಮಾಡಿದರು. ಈ ಅರಾಯಿಸ್ ಅದಕ್ಕೆ ಮುಂಚೆ ಇನ್ನೊಂದು ಟಿವಿ ಸರಣಿಯನ್ನೂ ಹೀಗೇ ಕತ್ತರಿಸಿ ಥಿಯೇಟರ್‌ಗೆ ತಂದು ಗೆದ್ದಿದ್ದವರು. ಕೈ ಪಳಗಿತ್ತು.

ಕತೆ ಇಷ್ಟು. ಪೋರ್ಚುಗಲ್‌ನಲ್ಲಿ ದಿಯೋಗೊ ಅಂತ ಒಬ್ಬ ಚಿತ್ರ ಬರೆಯುವ ಹುಡುಗ. ಸಮುದ್ರಯಾನದ ನಕ್ಷೆಗೆ ಚಿತ್ರ ಬಿಡಿಸುವ ಕೆಲಸ ಸಿಗುತ್ತದೆ. ಇಸಾಬೆಲ್ ಎಂಬ ಬೆಡಗಿ ಕಣ್ಣು ಹೊಡೆದು ಅವನನ್ನು ಮೋಸಮಾಡುತ್ತಾಳೆ. ಹುಡುಗನಿಗೆ ಗಡೀಪಾರು. ಅವನನ್ನು ಹೊತ್ತ ಹಡಗು ಒಡೆಯುತ್ತದೆ. ಬದುಕಿ ದಡ ಸೇರಿದರೆ ಎದುರಿಗೆ ಪರಗ್ವಾಸು. ಆಮೇಲೆ ಅವಳ ತಂಗಿ ಮೊಯೆಮಾ. ಆಮೇಲೆ ಅವರಪ್ಪ, ಊರಿನ ಮುಖಂಡ ಇತಪರೀಕ. ಸೆಲ್ಟನ್ ಮೆಲ್ಲೊ ಹುಡುಗನಾಗಿ, ಕಮೀಲಾ ಪಿತಾಂಗ ಅಕ್ಕನಾಗಿ, ಡೆಬೊರಾ ಸೆಕ್ಕೊ ತಂಗಿಯಾಗಿ, ತೋನಿಕೊ ಪೆರೇರಾ ಅಪ್ಪನಾಗಿ. ಹಿನ್ನೆಲೆಯಲ್ಲಿ ಕತೆ ಹೇಳುವ ದನಿ ಮಾರ್ಕೊ ನನೀನಿಯದು. ಕೊನೆ ಏನಾಗುತ್ತದೆ ಅಂತ ಹೇಳಲ್ಲ.

ಒಂದು ಚಿಕ್ಕ ತರಲೆ ಗಮನಿಸಿ. ಚಿತ್ರದ ಖಳ ಕಪ್ತಾನನ ಹೆಸರು ವಾಸ್ಕೊ ದೆ ಅತಾಯಿದೆ. ಇದು ಸುಮ್ನೆ ಇಟ್ಟ ಹೆಸರಲ್ಲ. ಕಬ್ರಾಲ್ 13 ಹಡಗು ತಗೊಂಡು ಲಿಸ್ಬನ್ ಬಿಟ್ಟ. ಕೇಪ್ ವರ್ಡ್ ದ್ವೀಪಗಳ ಹತ್ತಿರ, ಗಾಳಿಯಿಲ್ಲ ಮಳೆಯಿಲ್ಲ, ಒಂದು ಹಡಗು ಮಾಯವಾಯಿತು. ಅದರ ಕಪ್ತಾನ ಇದೇ ಅತಾಯಿದೆ. ಆ ಹಡಗು ಮತ್ತೆ ಯಾರಿಗೂ ಸಿಗಲಿಲ್ಲ. ಕತೆಗಾರರು ಅದನ್ನು ಹುಡುಕಿ ತಂದು, ರಿಪೇರಿ ಮಾಡಿ, ತಮಗೆ ಬೇಕಾದ ಕಡೆ ಒಡೆದಿದ್ದಾರೆ.

ಪ್ರಶ್ನೆ: ಮನೆಯವರ ಜೊತೆ ಕೂತು ನೋಡಬಹುದಾ? ಎಷ್ಟು ಪೋಲಿ ಅಂತ ಮೊದಲೇ ಹೇಳಿಬಿಡಿ. (ಗೃಹಿಣಿ, ದಾವಣಗೆರೆ)

ನಾನು ನೋಡಿದ್ದು ನಮ್ಮ ಸೋದರತ್ತೆಯ ಜೊತೆ. ಕುಮಟಾದ ಮನೆಯಲ್ಲಿ, ಮಧ್ಯಾಹ್ನದ ಊಟ ಆದಮೇಲೆ. ಅವರಿಗೆ ಎಂಬತ್ತರ ಹತ್ತಿರ. ನಾನು ರಿಮೋಟ್ ಕೈಯಲ್ಲಿ ಹಿಡಿದೇ ಕೂತಿದ್ದೆ, ಬೇಕಾದರೆ ಓಡಿಸೋಣ ಅಂತ. ಅಕ್ಕ-ತಂಗಿ ಇಬ್ಬರೂ ಮೈಮೇಲೆ ಬಣ್ಣ, ಮಣಿ, ಅಷ್ಟಿಷ್ಟು ಪುಕ್ಕ ಬಿಟ್ಟರೆ ಹೆಚ್ಚೇನೂ ಇಲ್ಲದೆ ಓಡಾಡುತ್ತಿದ್ದರು. ಅತ್ತೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ‘ಈ ಹುಡುಗ ಬೂಟು ಹಾಕಿಕೊಂಡು ಮರಳಲ್ಲಿ ಓಡಾಡ್ತಾನಲ್ಲೇ, ಕಾಲು ಬೆಂದು ಹೋಗ್ತದಲ್ಲೇ’ ಅಂದರು. ಬಟ್ಟೆ ಹಾಕಿಕೊಂಡವನೇ ಅವರಿಗೆ ವಿಚಿತ್ರವಾಗಿ ಕಂಡಿದ್ದು. ಚಿತ್ರದವರಿಗೆ ಬೇಕಾಗಿದ್ದೂ ಇದೇ ಅನಿಸುತ್ತೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ತೋರಿಸುವುದಕ್ಕಿಂತ ಮಾತಾಡುವುದು ಜಾಸ್ತಿ. ಅಕ್ಕನ ಗಂಡನನ್ನು ತಂಗಿಯೂ ಇಟ್ಟುಕೊಳ್ಳೋಣ ಅನ್ನುವ ಹಂಚಿಕೆ ಮಾತುಕತೆ ಚಿಕ್ಕ ಮಕ್ಕಳಿಗೆ ಬೇಡ. ಕಾಲೇಜಿಗೆ ಹೋಗುವ ಮಕ್ಕಳಾದರೆ ನೀವು ಮುಜುಗರಪಡುತ್ತೀರಿ, ಅವರಲ್ಲ.

ಈ ಪೋಲಿತನ ಚಿತ್ರದವರು ಹೊಸದಾಗಿ ತಂದದ್ದು ಅಂತಲೂ ತಿಳಿಯಬೇಡಿ. ಬ್ರೆಜಿಲ್ ಬಗ್ಗೆ ಬರೆದ ಮೊಟ್ಟಮೊದಲ ಪತ್ರದಲ್ಲೇ ಇದೆ. ಕಬ್ರಾಲ್‌ನ ಜೊತೆಗಿದ್ದ ಪೆರೊ ವಾಜ್ ದೆ ಕಮೀನ್ಯ ಎಂಬ ಬರಹಗಾರ 1500ರ ಮೇ 1ರ ತಾರೀಕು ಹಾಕಿ ಪೋರ್ಚುಗಲ್ ರಾಜ ಮನುವೆಲ್‌ಗೆ ಉದ್ದದ ಪತ್ರ ಬರೆದ. ಆ ಹೆಣ್ಣುಮಕ್ಕಳ ಮೈ ಎಲ್ಲೆಲ್ಲಿ ಹೇಗೆ ಇತ್ತು, ಅದನ್ನು ಚೆನ್ನಾಗಿ ದಿಟ್ಟಿಸಿ ನೋಡಿದರೂ ನಮಗೆ ನಾಚಿಕೆ ಆಗಲಿಲ್ಲ ಅಂತೆಲ್ಲ ರಾಜನಿಗೆ ವರದಿ ಒಪ್ಪಿಸಿದ್ದಾನೆ, ಮಹಾರಾಯ. ಅದೇ ಪತ್ರದಲ್ಲಿ ಇನ್ನೊಂದು ಘಟನೆ ಇದೆ. ದಡದಲ್ಲಿ ಪೂಜೆ ನಡೆಯುತ್ತಿದೆ. ಒಬ್ಬ ಯುವತಿ ಬಂದು ನಿಂತಳು. ಪೂಜೆಗೆ ಹಾಗೆ ನಿಲ್ಲುವುದು ಸರಿಯಲ್ಲ ಅಂತ ಅವಳಿಗೆ ಒಂದು ಬಟ್ಟೆ ಕೊಟ್ಟು ಸುತ್ತಿಸಿದರು. ಅವಳು ಕೂತಳು. ಕೂತಾಗ ಬಟ್ಟೆ ಎಳೆದು ಮುಚ್ಚಿಕೊಳ್ಳಬೇಕು ಅನ್ನೋದು ಅವಳ ತಲೆಗೇ ಬರಲಿಲ್ಲ. ಕಮೀನ್ಯ ಅದನ್ನೂ ನೋಡಿದ, ಅದನ್ನೂ ಬರೆದ. ಇಡೀ ಸಿನಿಮಾದ ತಮಾಷೆ ಈ ಒಂದು ಬಟ್ಟೆಯ ಮೇಲೆ ನಿಂತಿದೆ.

ಪ್ರಶ್ನೆ: ನಿಜವಾಗಿ ಇಂಥವನೊಬ್ಬ ಇದ್ದನಾ? ಅಥವಾ ಎಲ್ಲ ಕಟ್ಟುಕತೆಯಾ? (ಇತಿಹಾಸದ ವಿದ್ಯಾರ್ಥಿ, ಧಾರವಾಡ)

ಇದ್ದ. ದಿಯೋಗೊ ಆಲ್ವಾರೆಸ್ ಕೊರೆಯಾ. ಅಲ್ಲಿನವರು ಅವನಿಗಿಟ್ಟ ಹೆಸರೇ ಕರಮುರು. ಪೋರ್ಚುಗಲ್‌ನ ಉತ್ತರದ ವಿಯಾನಾ ಊರಿನವನು. ಹಡಗು ಒಡೆದು ಬ್ರೆಜಿಲ್‌ನ ಬಹೀಯಾ ತೀರ ಸೇರಿದ್ದು 1509-10ರ ಸುಮಾರಿಗೆ. ಸಿನಿಮಾದವರು ಹಬ್ಬದ ಲೆಕ್ಕಕ್ಕೆ ಸರಿಹೊಂದಲಿ ಅಂತ 1500ಕ್ಕೆ ಎಳೆದುಕೊಂಡಿದ್ದಾರೆ. ಈಗಿನ ಸಾಲ್ವದೋರ್ ನಗರದ ರಿಯೊ ವೆರ್ಮೆಲ್ಯು ಬಡಾವಣೆಯ ಕಡಲ ಹತ್ತಿರ ಹಡಗು ಒಡೆಯಿತು ಅನ್ನುವುದು ಅಲ್ಲಿನವರ ಮಾತು. ಅಲ್ಲಿದ್ದವರು ತುಪಿನಾಂಬಾ ಜನ. ಅವರ ನಡುವೆ ಅವನು ಸುಮಾರು ಐವತ್ತು ವರ್ಷ ಬದುಕಿದ. 1557ರಲ್ಲಿ ಅಲ್ಲೇ ಸತ್ತ.

ಹೊಟ್ಟೆಪಾಡಿಗೆ ಏನು ಮಾಡಿದ ಗೊತ್ತಾ? ವ್ಯಾಪಾರ. ಆ ಕಾಡಿನಲ್ಲಿ ಕೆಂಪು ಬಣ್ಣ ಕೊಡುವ ಮರ ಇತ್ತು. ನಮ್ಮ ಸಪ್ಪಂಗದ ದಾಯಾದಿ ಅನ್ನಿ. ಕೇರಳದ ಹೋಟೆಲಿನಲ್ಲಿ ಗುಲಾಬಿ ಬಣ್ಣದ ಬಿಸಿನೀರು ಕೊಡುತ್ತಾರಲ್ಲ, ಅದು ಸಪ್ಪಂಗದ ಚಕ್ಕೆ ಕುದಿಸಿದ ನೀರು. ಯುರೋಪಿನವರಿಗೆ ಬಟ್ಟೆಗೆ ಬಣ್ಣ ಹಾಕಲು ಆ ಮರ ಬೇಕಿತ್ತು. ಮರ ಕಡಿದು ದಡಕ್ಕೆ ಹೊತ್ತು ತರುವವರು ತುಪಿನಾಂಬಾಗಳು, ಕೊಳ್ಳಲು ಬರುವವರು ಹಡಗಿನವರು, ನಡುವೆ ಎರಡೂ ಭಾಷೆ ಬಲ್ಲ ನಮ್ಮ ದಿಯೋಗೊ. ಪೋರ್ಚುಗೀಸನಾಗಿಯೂ ಇವನು ಫ್ರೆಂಚರ ಜೊತೆ ಧಾರಾಳವಾಗಿ ವ್ಯಾಪಾರ ಮಾಡಿದ. ದೇಶಭಕ್ತಿ ಗಿಶಭಕ್ತಿ ಏನಿಲ್ಲ.

1548ರಲ್ಲಿ ಪೋರ್ಚುಗಲ್ ರಾಜನೇ ಇವನಿಗೆ ಪತ್ರ ಬರೆದ: ನನ್ನ ಗವರ್ನರ್ ಬರುತ್ತಿದ್ದಾನೆ, ಸಹಾಯ ಮಾಡು ಅಂತ. 1549ರ ಮಾರ್ಚ್‌ನಲ್ಲಿ ತೊಮೆ ದೆ ಸೋಜ ಬಂದಿಳಿದ. ಸಾಲ್ವದೋರ್ ನಗರ ಕಟ್ಟಿದ. ಗಡೀಪಾರಾದವರನ್ನೂ ಹಡಗೊಡೆದವರನ್ನೂ ಲೆಕ್ಕಕ್ಕೇ ಇಡದ ಸಾಮ್ರಾಜ್ಯ ಕೊನೆಗೆ ಅವರಲ್ಲೊಬ್ಬನ ಮನೆ ಬಾಗಿಲಿಗೆ ಬಂತು. ಸಿನಿಮಾ ಇಷ್ಟು ದೂರ ಬರುವುದಿಲ್ಲ. ಬಂದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಪ್ರಶ್ನೆ: ದಿಯೋಗೊ ಹಕ್ಕಿಯೊಂದಕ್ಕೆ ಒಂದು ಗುಂಡು ಹಾರಿಸಿದ, ಎಲ್ಲರೂ ಕಾಲಿಗೆ ಬಿದ್ದರು ಅಂತ ಅಂತರ್ಜಾಲದಲ್ಲಿ ಓದಿದೆ. ನಂಬೋದಾ? (ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು)

ತಮ್ಮಾ, ನೀನು ಇಂಜಿನಿಯರಿಂಗ್ ಓದುತ್ತಿದ್ದೀಯ, ನೀನೇ ಲೆಕ್ಕ ಹಾಕು. ಆ ಕಾಲದ ಕೋವಿಗೆ ಮೊದಲು ನಳಿಗೆಯೊಳಗೆ ಮದ್ದು ಸುರಿಯಬೇಕು. ಮೇಲೆ ಗುಂಡು ಹಾಕಿ ಸರಳಿನಿಂದ ಜಡಿಯಬೇಕು. ಪಕ್ಕದ ಚಿಕ್ಕ ಬಟ್ಟಲಿಗೆ ನುಣುಪಾದ ಮದ್ದು ಒಂದು ಚಿಟಿಕೆ ಹಾಕಬೇಕು. ಆಮೇಲೆ ಮೊದಲೇ ಹೊತ್ತಿಸಿಟ್ಟ ಬತ್ತಿಯ ಕೆಂಡ ತಾಗಿಸಬೇಕು. ಇದಿಷ್ಟರಲ್ಲಿ ಯಾವುದಕ್ಕೆ ನೀರು ತಾಗಿದರೂ ಕೋವಿ ಬರೀ ದೊಣ್ಣೆ. ಇವನೋ ಹಡಗು ಒಡೆದು, ಉಪ್ಪುನೀರು ಕುಡಿದು, ಬಂಡೆಗಳ ನಡುವೆ ಪಾಚಿ ಮೆತ್ತಿಕೊಂಡು ಬಿದ್ದವನು. ಒಣ ಮದ್ದು ಎಲ್ಲಿಂದ ಬಂತು? ಬತ್ತಿಗೆ ಬೆಂಕಿ ಯಾರು ಕೊಟ್ಟರು? ಒಡೆದ ಹಡಗಿನಿಂದ ಒಂದು ಪೀಪಾಯಿ ಮದ್ದು ತೇಲಿ ಬಂತು ಅಂತ ಬೇಕಾದರೆ ಇಟ್ಟುಕೋ. ಆದರೂ ಒಂದು ಹಕ್ಕಿ ಹೊಡೆದದ್ದಕ್ಕೆ ಐವತ್ತು ವರ್ಷ ಯಾರೂ ಊಟ ಹಾಕಲ್ಲ.

ಈ ಗುಂಡಿನ ಕತೆಗೆ ರಂಗು ಬಂದದ್ದು ಅವನು ಸತ್ತು ಎಷ್ಟೋ ಕಾಲದ ಮೇಲೆ, ಪಾದ್ರಿಗಳ ಬರಹದಲ್ಲಿ. ಕರಮುರು ಅಂದರೆ ‘ಸಿಡಿಲಿನ ಮಗ’ ಅಂತ ಅರ್ಥ ಬೇರೆ ಹೇಳಿದರು. ಅಸಲಿಗೆ ಅದು ಅಲ್ಲಿನ ಬಂಡೆ ಸಂದಿಯಲ್ಲಿ ಸಿಗುವ ಒಂದು ಹಾವುಮೀನಿನ ಹೆಸರು. ಬಂಡೆ ಸಂದಿಯಲ್ಲಿ ಸಿಕ್ಕವನಿಗೆ ಮೀನಿನ ಹೆಸರಿಟ್ಟು ನಕ್ಕಿರಬೇಕು ಅಷ್ಟೇ. ಅವನನ್ನು ಉಳಿಸಿದ್ದು ಕೋವಿಯಲ್ಲ, ಹೆಣ್ಣು ಕೊಟ್ಟ ಮಾವ. ಮುಂದಿನ ಉತ್ತರ ಓದು.

ಪ್ರಶ್ನೆ: ಬಿಳಿಯ ಗಂಡು, ಅವನಿಗಾಗಿ ಕಾದಿರುವ ಇಬ್ಬರು ಕಾಡಿನ ಚೆಲುವೆಯರು. ಇದು ಗಂಡಸರ ಹಗಲುಗನಸಲ್ವಾ? ನೀವು ಹೆಂಗಸಾಗಿ ಇದನ್ನು ಹೊಗಳಿದ್ದು ನನಗೆ ಬೇಸರ ತಂದಿತು. (ಉಪನ್ಯಾಸಕಿ, ಮೈಸೂರು)

ಹಗಲುಗನಸು ಹೌದು. ಒಂದಲ್ಲ, ಹಲವು ಶತಮಾನದ ಹಗಲುಗನಸು. ಅದಕ್ಕೇ ಈ ಪ್ರಶ್ನೆಗೆ ಉದ್ದ ಉತ್ತರ ಕೊಡುತ್ತೇನೆ, ಸಂಪಾದಕರು ಕತ್ತರಿ ಹಿಡಿದರೂ ಪರವಾಗಿಲ್ಲ.

ಮೊದಲು ಚಿತ್ರದ ಪರವಾಗಿ ಒಂದು ಮಾತು. ಅಲ್ಲಿ ನಗೆಪಾಟಲಾಗುವವನು ದಿಯೋಗೊ. ಅಕ್ಕ-ತಂಗಿಯರಲ್ಲ. ಅವನು ಪಾಪಪ್ರಜ್ಞೆ, ಮದುವೆ, ನಿಷ್ಠೆ ಅಂತ ತೊದಲುತ್ತಾನೆ. ಅವರು ನಿರ್ಧಾರ ಮಾಡಿ ಮುಗಿಸಿರುತ್ತಾರೆ. ಸೆಲ್ಟನ್ ಮೆಲ್ಲೊನ ಪೆಚ್ಚು ಮುಖ ಈ ಚಿತ್ರದ ಬಂಡವಾಳ. ನಮ್ಮತ್ತೆ ಅರ್ಧ ಸಿನಿಮಾಕ್ಕೆ ತೀರ್ಪು ಕೊಟ್ಟರು: ‘ಇವನು ಮನೆವಾಳ್ತನಕ್ಕೆ ಬಂದ ಅಳಿಯ. ಹೆಚ್ಚು ಮಾತಾಡೋ ಹಾಗಿಲ್ಲ.’

ಅತ್ತೆ ಹೇಳಿದ್ದು ಇತಿಹಾಸಕ್ಕೂ ಸರಿ. ತುಪಿ ಜನರಲ್ಲಿ (ತುಪಿನಾಂಬಾಗಳು ಇವರದೇ ಒಂದು ಪಂಗಡ) ಪರಊರಿನವನನ್ನು ತಮ್ಮವನಾಗಿ ಮಾಡಿಕೊಳ್ಳುವ ದಾರಿ ಅಂದರೆ ಹೆಣ್ಣು ಕೊಡುವುದು. ಕೊಟ್ಟ ತಕ್ಷಣ ಅವನು ಯಾರಿಗೋ ಅಳಿಯ, ಯಾರಿಗೋ ಭಾವ. ಭಾವ ಆದಮೇಲೆ ಕೆಲಸಕ್ಕೆ ಕರೆಯಬಹುದು, ಅವನ ಹಡಗಿನವರಿಂದ ಕೊಡಲಿ ತರಿಸಬಹುದು, ಜಗಳಕ್ಕೆ ಜೊತೆಗೆ ಒಯ್ಯಬಹುದು. ಬ್ರೆಜಿಲ್‌ನ ಮಾನವಶಾಸ್ತ್ರಜ್ಞ ಡಾರ್ಸಿ ರಿಬೇರೊ ಇದಕ್ಕೆ ‘ಭಾವತನ’ ಅನ್ನುವ ಅರ್ಥದ ಹೆಸರನ್ನೇ ಬಳಸಿದ್ದಾರೆ. ಆ ದೇಶ ಹುಟ್ಟಿದ್ದೇ ಹೀಗೆ ಅನ್ನುವುದು ಅವರ ವಾದ. ದಕ್ಷಿಣದಲ್ಲಿ, ಈಗಿನ ಸಾವೊ ಪೌಲೊ ಕಡೆ, ಜೊವಾವ್ ರಮಾಲ್ಯು ಎಂಬ ಇನ್ನೊಬ್ಬ ಪೋರ್ಚುಗೀಸ ಮುಖಂಡ ತಿಬಿರಿಸಾನ ಮಗಳು ಬರ್ತೀರಾಳನ್ನು ಕಟ್ಟಿಕೊಂಡು ಹೀಗೇ ಬೇರೂರಿದ್ದ. ಅಂದಹಾಗೆ, ಮೇಲೆ ಹೇಳಿದ ಕಮೀನ್ಯನ ಪತ್ರ ಮುಗಿಯುವುದು ಹೇಗೆ ಗೊತ್ತಾ? ಹೊಸ ಭೂಮಿಯ ವರ್ಣನೆಯೆಲ್ಲ ಮುಗಿಸಿ, ‘ಸಾವೊ ತೊಮೆ ದ್ವೀಪಕ್ಕೆ ಗಡೀಪಾರಾಗಿರುವ ನನ್ನ ಅಳಿಯನನ್ನು ಬಿಡಿಸಿಕೊಡಿ’ ಅಂತ ರಾಜನಿಗೆ ಅರ್ಜಿ. ಅಳಿಯಂದಿರ ಕಾಟ ಎರಡೂ ದಡದಲ್ಲಿತ್ತು.

ಈಗ ನಿಮ್ಮ ಬೇಸರಕ್ಕೆ ಬರೋಣ. ಈ ಕತೆಯಲ್ಲಿ ದೊಡ್ಡವಳು ಪರಗ್ವಾಸು. ಸಿನಿಮಾಕ್ಕೆ ಅದು ಅರ್ಧ ಗೊತ್ತು, ಇನ್ನರ್ಧ ಗೊತ್ತಿಲ್ಲ. ಅವಳು ನಿಜವಾಗಿ ಫ್ರಾನ್ಸಿಗೆ ಹೋದಳು. 1528ರ ಜುಲೈನಲ್ಲಿ ಸೇಂಟ್ ಮಾಲೊ ಎಂಬ ಬಂದರು ಊರಿನಲ್ಲಿ ಅವಳಿಗೆ ದೀಕ್ಷಾಸ್ನಾನ ಆಯಿತು. ದಾಖಲೆ ಇದೆ. ಕತೆ ಕಟ್ಟುವವರು ಫ್ರಾನ್ಸಿನ ರಾಣಿಯೇ ಅವಳ ಧರ್ಮಮಾತೆ ಅಂದರು. ಅಲ್ಲ. ಧರ್ಮಮಾತೆಯಾಗಿ ನಿಂತವಳು ಅದೇ ಊರಿನ ನಾವಿಕ ಜಾಕ್ ಕಾರ್ತಿಯೆಯ ಹೆಂಡತಿ ಕ್ಯಾಥರಿನ್. ಅವಳ ಹೆಸರನ್ನೇ ಇವಳಿಗೂ ಇಟ್ಟರು. ಈ ಕಾರ್ತಿಯೆ ಮುಂದೆ 1534ರಲ್ಲಿ ಕೆನಡಾ ಕಡೆ ಹೋಗಿ ಹೆಸರು ಮಾಡಿದವನು. ಆಗಿನ್ನೂ ಊರೊಳಗೊಬ್ಬ. ಯೋಚನೆ ಮಾಡಿ: ಬಹೀಯಾದ ತೀರದಲ್ಲಿ ಹುಟ್ಟಿದ ಹುಡುಗಿ, ಫ್ರಾನ್ಸಿನ ಚಳಿ ಕಲ್ಲಿನ ಊರಿನ ಚರ್ಚಿನಲ್ಲಿ, ನಾವಿಕರ ಹೆಂಡತಿಯರ ನಡುವೆ. ರಾಜ-ರಾಣಿಯ ಸುಳ್ಳಿಗಿಂತ ಇದು ನನಗೆ ಹೆಚ್ಚು ಇಷ್ಟ.

ವಾಪಸು ಬಂದು ಅವಳು ಏನು ಮಾಡಿದಳು? 1535ರಲ್ಲಿ ಬೊಯಿಪೇಬ ದ್ವೀಪದ ಹತ್ತಿರ ಒಂದು ಸ್ಪೇನ್ ಹಡಗು ಒಡೆಯಿತು. ದಿಯೋಗೊ ಬದುಕಿದವರನ್ನು ಕಾಪಾಡಲು ಹೋದ. ಮಗು ಎತ್ತಿಕೊಂಡ ಹೆಂಗಸೊಬ್ಬಳು ‘ನನ್ನನ್ನು ಕರೆದುಕೊಂಡು ಹೋಗು’ ಅಂತ ಪರಗ್ವಾಸುವಿನ ಕನಸಿನಲ್ಲಿ ಬಂದು ಕೇಳಿದಳಂತೆ. ಹುಡುಕಿಸಿದರೆ ಮೇರಿಯಮ್ಮನ ಮೂರ್ತಿ ಸಿಕ್ಕಿತಂತೆ. ಕನಸು ದಂತಕತೆ ಇರಬಹುದು, ಗುಡಿ ಮಾತ್ರ ನಿಜ. ಸಾಲ್ವದೋರ್‌ನ ಗ್ರಾಸಾ ಬಡಾವಣೆಯ ಚರ್ಚು ಅವಳು ಕಟ್ಟಿಸಿದ ಗುಡಿಯ ಜಾಗದಲ್ಲೇ ನಿಂತಿದೆ. ಗಂಡ ಸತ್ತ ಮೇಲೆ ಅವಳು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಬದುಕಿದಳು. ಆಸ್ತಿ ಇತ್ತು. ಗುಡಿಯನ್ನೂ ಅದರ ಜಾಗವನ್ನೂ ಬೆನೆಡಿಕ್ಟೈನ್ ಸನ್ಯಾಸಿಗಳಿಗೆ ಬರೆದುಕೊಟ್ಟಳು. ಸತ್ತಾಗ ಅಲ್ಲೇ ಮಣ್ಣು ಮಾಡಿದರು. ಇದರಲ್ಲಿ ಎಲ್ಲಿದೆ ಕಾದು ಕೂತ ಕಾಡಿನ ಚೆಲುವೆ? ಅವನ ಸಾಹಸಕ್ಕಿಂತ ಇವಳ ಬದುಕು ದೊಡ್ಡದು. ನನ್ನ ಕೇಳಿದರೆ ಸಿನಿಮಾದ ಹೆಸರೇ ಅವಳದಾಗಬೇಕಿತ್ತು.

ಇನ್ನು ಮೊಯೆಮಾ. ಅವಳನ್ನು ಜನಕ್ಕೆ ಕೊಟ್ಟದ್ದು 1781ರ ಒಂದು ಮಹಾಕಾವ್ಯ, ಬರೆದವರು ದುರಾವ್ ಎಂಬ ಸನ್ಯಾಸಿ. ಅದರಲ್ಲಿ ದಿಯೋಗೊ ಪರಗ್ವಾಸುವನ್ನು ಕರೆದುಕೊಂಡು ಹಡಗು ಹತ್ತುತ್ತಾನೆ. ಉಳಿದ ಹೆಣ್ಣುಗಳು ಈಜಿಕೊಂಡು ಹಿಂಬಾಲಿಸುತ್ತಾರೆ. ಮೊಯೆಮಾ ಹಡಗಿನ ಚುಕ್ಕಾಣಿ ಹಿಡಿದು ಅವನನ್ನು ಬೈದು, ಕೈ ಸೋತು, ಮುಳುಗುತ್ತಾಳೆ. 1866ರಲ್ಲಿ ವಿಕ್ಟರ್ ಮೇಯ್ರೆಲಿಸ್ ಎಂಬ ಕಲಾವಿದ ಅವಳ ಹೆಣ ದಡಕ್ಕೆ ಬಂದು ಬಿದ್ದಿರುವ ಚಿತ್ರ ಬರೆದ. ಸಾವೊ ಪೌಲೊದ ಮ್ಯೂಸಿಯಂನಲ್ಲಿದೆ. ಚಿತ್ರದ ಪ್ರತಿ ನೋಡಿ. ಸತ್ತವಳ ಮೈ ನಿದ್ದೆ ಹೋದವಳ ಹಾಗೆ ಬೆಳಗುತ್ತಿದೆ. ಉಬ್ಬಿಲ್ಲ, ಗಾಯವಿಲ್ಲ, ಮರಳು ಕೂಡ ಮೆತ್ತಿಲ್ಲ. ಸೊಂಟದ ಮೇಲೆ ನಾಲ್ಕು ಪುಕ್ಕ. ಇದನ್ನು ಗೌರವಸ್ಥರ ಮನೆಯ ಹಜಾರದಲ್ಲಿ ತೂಗುಹಾಕಬಹುದು, ಏಕೆಂದರೆ ಇದು ‘ದುರಂತ’. ನನಗೆ ಈ ಹೆಣಕ್ಕಿಂತ ಸಿನಿಮಾದಲ್ಲಿ ಜಗಳಾಡಿ, ಹಟಮಾಡಿ, ಪಾಲು ಕೇಳುವ ಡೆಬೊರಾ ಸೆಕ್ಕೊ ಎಷ್ಟೋ ವಾಸಿ. ಪೋಲಿ ಯಾವುದು, ಗಂಭೀರ ಯಾವುದು ಅಂತ ನೀವೇ ಹೇಳಿ ಮೇಡಂ.

ಪ್ರಶ್ನೆ: ಹಡಗು ಒಡೆದು ನಿರ್ಜನ ದ್ವೀಪ ಸೇರಿದರೆ ಯಾವ ಸಿನಿಮಾ ಜೊತೆಗಿರಬೇಕು? (ಓದುಗ, ತುಮಕೂರು)

ಕರೆಂಟ್ ಇರುತ್ತಾ?

ಪ್ರಶ್ನೆ: ಕಾಡಿನವರೆಲ್ಲ ಪಟಪಟ ಪೋರ್ಚುಗೀಸ್ ಮಾತಾಡ್ತಾರಂತಲ್ಲ, ಅದು ಹೇಗೆ? (ಓದುಗ, ಕಲಬುರಗಿ)

ನಮ್ಮ ಪೌರಾಣಿಕ ಸಿನಿಮಾದಲ್ಲಿ ಲಂಕೆಯವರು ಕನ್ನಡ ಮಾತಾಡಲಿಲ್ವಾ, ಹಾಗೆ.

ಪ್ರಶ್ನೆ: ಆ ಜನ ಮನುಷ್ಯರನ್ನು ತಿನ್ನುತ್ತಿದ್ದರಂತೆ. ಇಂಥ ವಿಷಯದಲ್ಲಿ ತಮಾಷೆ ಹೇಗೆ ಮಾಡಿದರು? (ಔಷಧ ಅಂಗಡಿಯವರು, ಶಿವಮೊಗ್ಗ)

ತಿನ್ನುತ್ತಿದ್ದರು, ಹಸಿವಿಗಲ್ಲ. ಯುದ್ಧದಲ್ಲಿ ಹಿಡಿದ ಶತ್ರುವನ್ನು ತಿಂಗಳುಗಟ್ಟಲೆ ಊರಲ್ಲಿಟ್ಟುಕೊಂಡು, ಊಟ ಹಾಕಿ, ಹೆಣ್ಣು ಕೊಟ್ಟು, ಒಂದು ದಿನ ಗೊತ್ತುಮಾಡಿ, ಸುತ್ತಲಿನ ಹಳ್ಳಿಯವರನ್ನೆಲ್ಲ ಕರೆದು ಮಾಡುವ ಕ್ರಿಯೆ ಅದು. ಸೇಡಿನ ಲೆಕ್ಕ. ದಿಯೋಗೊ ಇದನ್ನು ಹತ್ತಿರದಿಂದಲೇ ಕಂಡ. ರಾಜ ಬಹೀಯಾವನ್ನು ಕೊಟಿನ್ಯು ಎಂಬ ಒರಟನಿಗೆ ಜಹಗೀರು ಕೊಟ್ಟಿದ್ದ. ಅವನು 1536ರಲ್ಲಿ ಬಂದು ಹತ್ತು ವರ್ಷ ಜಗಳ ಕಾದ. ಕೊನೆಗೆ ಇತಪರೀಕ ದ್ವೀಪದ ಹತ್ತಿರ ಅವನ ಹಡಗು ಒಡೆಯಿತು. ದಿಯೋಗೊ ಕೂಡ ಜೊತೆಗಿದ್ದ. ತುಪಿನಾಂಬಾಗಳು ಕೊಟಿನ್ಯುವನ್ನು ಕೊಂದು ತಿಂದರು. ದಿಯೋಗೊನನ್ನು ಮುಟ್ಟಲಿಲ್ಲ. ಅವನು ಅವರ ಭಾವ.

‘ಕರಮುರು’ ಈ ಕಡೆ ಹೆಚ್ಚು ತಲೆ ಹಾಕಲ್ಲ. ಅದು ಬೇಕಿದ್ದರೆ 1971ರ ಇನ್ನೊಂದು ಚಿತ್ರ ನೋಡಬೇಕು. ನೆಲ್ಸನ್ ಪೆರೇರಾ ದೋಸ್ ಸಾಂತೋಸ್ ನಿರ್ದೇಶನದ ‘ನನ್ನ ಪುಟ್ಟ ಫ್ರೆಂಚಿನವ ಎಷ್ಟು ರುಚಿಯಾಗಿದ್ದ’. ಹೆಸರಲ್ಲೇ ಕತೆ ಇದೆ. ಅದರಲ್ಲಿ ಬಹುಪಾಲು ತುಪಿ ಭಾಷೆ, ಬಹುಪಾಲು ಬತ್ತಲೆ, ಮತ್ತು ಒಂದು ಚೂರೂ ಚಪಲ ಇಲ್ಲ. ಹತ್ತು ನಿಮಿಷದಲ್ಲಿ ಬತ್ತಲೆ ಇದ್ದಾರೆ ಅನ್ನೋದೇ ಮರೆತುಹೋಗುತ್ತೆ. ಕೊನೆಯಲ್ಲಿ ಅವನ ಪ್ರೀತಿಯ ಹೆಂಡತಿ ಅವನ ಕತ್ತಿನ ಭಾಗ ಬಾಯಾಡಿಸುತ್ತಾ ಕ್ಯಾಮೆರಾ ಕಡೆ ನೋಡುವ ನೋಟ ಇದೆಯಲ್ಲ, ಅಬ್ಬಾ. ಬ್ರೆಜಿಲ್ ಆಗ ಸೇನಾ ಸರ್ಕಾರದ ಕೈಯಲ್ಲಿತ್ತು. ಎರಡನ್ನೂ ಹೋಲಿಸಿದರೆ ‘ಕರಮುರು’ ಹಬ್ಬದೂಟ, ಅದು ಖಾರ. ಊಟದ ಹೊತ್ತಲ್ಲಿ ಮಾತ್ರ ನೋಡಬೇಡಿ.

ಪ್ರಶ್ನೆ: ಆ ಮೂಲನಿವಾಸಿಗಳು ಈಗ ಏನಾದರು? ಅವರು ಈ ಸಿನಿಮಾಕ್ಕೆ ನಕ್ಕರಾ? (ಸಾಮಾಜಿಕ ಕಾರ್ಯಕರ್ತೆ, ರಾಯಚೂರು)

ಚಿತ್ರದ ದೊಡ್ಡ ಕೊರತೆ ಇರುವುದೇ ಇಲ್ಲಿ. ಅಕ್ಕ-ತಂಗಿಯರ ಪಾತ್ರ ಮಾಡಿದ ಇಬ್ಬರೂ ನಟಿಯರು ಮೂಲನಿವಾಸಿಗಳಲ್ಲ. ಕಡಲು, ಕಾಡು, ನಗು ಎಲ್ಲ ಇದೆ. ಸಿಡುಬು ಇಲ್ಲ, ಗುಲಾಮಗಿರಿ ಇಲ್ಲ, ಸುಟ್ಟ ಹಳ್ಳಿ ಇಲ್ಲ.

ಟಿವಿಯಲ್ಲಿ ಇದು ಬಂದ ಅದೇ ತಿಂಗಳು ಏನಾಯಿತು ನೋಡಿ. ಕಬ್ರಾಲ್ ಇಳಿದ ಪೋರ್ತೊ ಸೆಗುರೊದಲ್ಲಿ ಸರ್ಕಾರಿ ಉತ್ಸವ. ಅವನ ಹಡಗಿನ ಮಾದರಿಯೊಂದನ್ನು ದುಡ್ಡು ಸುರಿದು ಕಟ್ಟಿಸಿದ್ದರು. ಅದು ಕೆಟ್ಟು ನಿಂತು ಹಬ್ಬಕ್ಕೆ ಬರಲೇ ಇಲ್ಲ. ಇಲ್ಲಿವರೆಗೆ ಸಿನಿಮಾದಷ್ಟೇ ತಮಾಷೆ. ಆದರೆ ಏಪ್ರಿಲ್ 22ರಂದು ಹಲವು ಬುಡಕಟ್ಟಿನ ಜನ ‘ನಮಗೆ ಇದು ಹಬ್ಬವಲ್ಲ’ ಅಂತ ಮೆರವಣಿಗೆ ಹೊರಟರು. ಪೊಲೀಸರು ಅಶ್ರುವಾಯು ಹಾರಿಸಿ ತಡೆದರು. ಟಿವಿಯಲ್ಲಿ ಮೂರು ರಾತ್ರಿ ನಗಿಸಿದ ಪುಕ್ಕದ ಜನ, ರಸ್ತೆಯಲ್ಲಿ ಕಣ್ಣು ಉಜ್ಜಿಕೊಂಡು ಓಡಿದರು.

ತುಪಿನಾಂಬಾಗಳು ಮುಗಿದೇ ಹೋದರು ಅಂತ ಪಠ್ಯಪುಸ್ತಕಗಳು ಬರೆಯುತ್ತಿದ್ದವು. ಮುಗಿದಿಲ್ಲ. ದಕ್ಷಿಣ ಬಹೀಯಾದ ಒಲಿವೆನ್ಸಾ ಕಡೆಯ ತುಪಿನಾಂಬಾಗಳನ್ನು 2000ದ ದಶಕದ ಆರಂಭದಲ್ಲಿ ಸರ್ಕಾರವೇ ಮಾನ್ಯ ಮಾಡಿತು. ಅವರ ಹಿರಿಯರ ಒಂದು ಕೆಂಪು ಪುಕ್ಕದ ನಿಲುವಂಗಿ ಡೆನ್ಮಾರ್ಕಿನಲ್ಲಿ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಇತ್ತು. 2024ರಲ್ಲಿ ಅದು ರಿಯೊ ಮ್ಯೂಸಿಯಂಗೆ ವಾಪಸು ಬಂತು. ಸಿನಿಮಾದ ಪುಕ್ಕ ವಸ್ತ್ರವಿನ್ಯಾಸಕರದ್ದು. ಇದು ಸಾವಿರಾರು ಗುವಾರಾ ಹಕ್ಕಿಯ ಗರಿ, ಒಂದೊಂದಾಗಿ ಗಂಟು ಹಾಕಿದ್ದು.

ಇಷ್ಟು ಹೇಳಿಯೂ ಚಿತ್ರ ಬೇಡ ಅನ್ನಲಾರೆ. ನಗು ಒಳ್ಳೆಯದೇ. ಈ ಚಿತ್ರದವರು ನಗುವುದನ್ನು ಬೇಗ ನಿಲ್ಲಿಸಿಬಿಟ್ಟರು, ಅಷ್ಟೇ ತಕರಾರು. 1549ರ ಗವರ್ನರ್ ಬಂದಿಳಿಯುವ ತನಕ ಮುಂದುವರಿಸಿದ್ದರೆ ಆ ನಗುವಿಗೆ ಹಲ್ಲು ಮೂಡುತ್ತಿತ್ತು.

ಪ್ರಶ್ನೆ: ನಮ್ಮ ಕರಾವಳಿಗೂ ಪೋರ್ಚುಗೀಸರು ಬಂದರಲ್ಲ. ಇಂಥ ಪೋಲಿ ಸಾಹಸದ ಚಿತ್ರ ಕನ್ನಡದಲ್ಲಿ ಯಾಕಿಲ್ಲ? (ಬ್ಯಾಂಕ್ ನೌಕರ, ಕಾರವಾರ)

ನಾವು ಇತಿಹಾಸದವರಿಗೆ ಪ್ರತಿಮೆ ಮಾಡುತ್ತೇವೆ, ತಮಾಷೆ ಮಾಡಲ್ಲ. ಮಾಡಿದರೆ ಮರುದಿನ ಥಿಯೇಟರ್ ಮುಂದೆ ಬಸ್ಸು ನಿಲ್ಲಿಸಿರುತ್ತಾರೆ.

ಸರಕಿಗೇನೂ ಬರವಿಲ್ಲ. 1510ರಲ್ಲಿ ಗೋವೆ ಹಿಡಿಯಲು ಅಲ್ಬುಕರ್ಕ್‌ನನ್ನು ಹುರಿದುಂಬಿಸಿದವನು ನಮ್ಮ ಹೊನ್ನಾವರದ ತಿಮ್ಮಯ್ಯ. ಅದು ಹೆಚ್ಚುಕಡಿಮೆ ದಿಯೋಗೊನ ಹಡಗು ಒಡೆದ ಹೊತ್ತು. ಅಲ್ಲಿನ ಗೇರು ಇಲ್ಲಿಗೆ ಬಂತು, ಅನಾನಸು ಬಂತು. ಗೇರುಹಣ್ಣು ಕೊಳೆಹಾಕಿ ಕುಡಿಯುವುದನ್ನು ತುಪಿನಾಂಬಾಗಳೂ ಬಲ್ಲವರು, ಗೋವೆಯವರೂ ಬಲ್ಲವರು.

ಆದರೆ ನನ್ನ ಆಯ್ಕೆ ಬೇರೆ. ನಿಮ್ಮ ಊರಿನ ಕಡಲಲ್ಲಿ ಅಂಜದೀವ ಇದೆಯಲ್ಲ, ಈಗ ನೌಕಾನೆಲೆಯ ತಡೆಗೋಡೆ ಮುಟ್ಟಿರುವ ದ್ವೀಪ. 1498ರಲ್ಲಿ ವಾಸ್ಕೊ ಡ ಗಾಮ ವಾಪಸು ಹೋಗುವಾಗ ಅಲ್ಲಿ ತಂಗಿದ್ದ. ಆಗ ಒಬ್ಬ ಬಹುಭಾಷಾ ಆಸಾಮಿ ಹಡಗಿನ ಹತ್ತಿರ ಬಂದ. ಯುರೋಪಿನ ಮೂಲದ ಯಹೂದಿ, ಬಿಜಾಪುರದ ಆದಿಲ್ ಶಾಹಿ ನೌಕರಿಯಲ್ಲಿದ್ದವನು. ಗೂಢಚಾರ ಅಂತ ಗಾಮ ಹಿಡಿದು ಚೆನ್ನಾಗಿ ಬಾರಿಸಿದ. ಬಾಯಿ ಬಿಟ್ಟ ಮೇಲೆ ಪೋರ್ಚುಗಲ್‌ಗೆ ಒಯ್ದು, ಕ್ರಿಶ್ಚಿಯನ್ ಮಾಡಿ, ತನ್ನದೇ ಮನೆತನದ ಹೆಸರು ಕೊಟ್ಟು ಗ್ಯಾಸ್ಪರ್ ಡ ಗಾಮ ಅಂತ ಕರೆದ. ಎರಡು ವರ್ಷದ ಮೇಲೆ ಕಬ್ರಾಲ್ ಹೊರಟಾಗ ದುಭಾಷಿಯಾಗಿ ಇವನನ್ನೇ ಹತ್ತಿಸಿಕೊಂಡರು. ಅಂದರೆ ಬ್ರೆಜಿಲ್ ತೀರ ಕಂಡ ಆ ಪಡೆಯಲ್ಲಿ ಕಾರವಾರದ ಕಡಲಲ್ಲಿ ಸಿಕ್ಕಿಬಿದ್ದವನೊಬ್ಬ ಇದ್ದ. ಅವನಿಗೆ ಬರುತ್ತಿದ್ದ ಒಂದು ಭಾಷೆಯೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಅಲ್ಲಿಂದ ಮುಂದೆ ಬಂದ ಪಡೆ ಕಲ್ಲಿಕೋಟೆಗೆ ಹೋಗುವ ಮುಂಚೆ ಮತ್ತೆ ಇದೇ ಅಂಜದೀವದಲ್ಲಿ ನಿಂತಿತು. ಇವನು ಹಳೇ ಜಾಗಕ್ಕೆ ಹೊಸ ಹೆಸರು, ಹೊಸ ಧರ್ಮ, ಹೊಸ ಅಂಗಿಯಲ್ಲಿ ಬಂದಿಳಿದ.

ನಿರ್ಮಾಪಕರು ಯಾರಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ನಾಯಕನ ಪಾತ್ರಕ್ಕೆ ಪೆಟ್ಟು ತಿನ್ನುವಾಗಲೂ ನಾಲ್ಕು ಭಾಷೆಯಲ್ಲಿ ‘ಅಯ್ಯೋ’ ಅನ್ನಬಲ್ಲವನು ಬೇಕು. ನಾಯಕಿಯ ಪಾತ್ರ ನಾನು ಬರೆಯುತ್ತೇನೆ, ಅದರಲ್ಲಿ ಮಾತ್ರ ಕೈ ಹಾಕಬೇಡಿ.